ಮಾತು ಮುಗಿದಿರಲಿಲ್ಲ, ಚೀಟಿ ರೆಡಿಯಾಗಿತ್ತು

ಇವತ್ತು ಬೆಳಗ್ಗೆ ಒಂದು ಫೈಲ್ ನೋಡಿದೆ. ಸಂಜೆಯಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅರವತ್ತು ದಾಟಿದ ಹೆಂಗಸು. ನಾಲ್ಕು ತಿಂಗಳಿಂದ ಒಣಕೆಮ್ಮು, ರಾತ್ರಿ ಎದ್ದು ಕೂರುವಷ್ಟು. ಫೈಲಿನಲ್ಲಿ ಎರಡು ಎಕ್ಸ್‌ರೇ, ಎರಡೂ ನಾರ್ಮಲ್. ಮೂರು ಬಗೆಯ ಕೆಮ್ಮಿನ ಸಿರಪ್, ಒಂದು ಕೋರ್ಸ್ ಆಂಟಿಬಯಾಟಿಕ್, ಅಲರ್ಜಿ ಮಾತ್ರೆ, ಕೊನೆಗೆ ಅಸಿಡಿಟಿಯಿಂದ ಇರಬಹುದು ಅಂತ ಅದಕ್ಕೂ ಒಂದು ಮಾತ್ರೆ. ಎಲ್ಲಕ್ಕಿಂತ ಅಡಿಯಲ್ಲಿ ಮಡಚಿಟ್ಟಿದ್ದ ಹಳೆಯ ಚೀಟಿ. ಕೆಮ್ಮು ಶುರುವಾಗುವುದಕ್ಕೆ ಮೂರು ವಾರ ಮುಂಚಿನದು. ಬಿಪಿಗೆ ರಾಮಿಪ್ರಿಲ್, 5 ಮಿಲಿಗ್ರಾಂ.

"ಆ ಮಾತ್ರೆ ತಗೊಳ್ಳೋಕೆ ಶುರು ಮಾಡಿದ ಮೇಲೆ ಅಂತ ಹೇಳೋಕೆ ಹೋದೆ. ಬಿಪಿ ಮಾತ್ರೆಗೂ ಕೆಮ್ಮಿಗೂ ಏನಮ್ಮ ಸಂಬಂಧ ಅಂದ್ರು, ಸುಮ್ಮನಾದೆ" ಅಂದರು ಆಕೆ.

ಸಂಬಂಧ ಇದೆ. ಪಠ್ಯಪುಸ್ತಕದಲ್ಲೇ ಇದೆ. ರಾಮಿಪ್ರಿಲ್, ಎನಾಲಪ್ರಿಲ್, ಲಿಸಿನೊಪ್ರಿಲ್ ಹೀಗೆ 'ಪ್ರಿಲ್' ಅಂತ ಮುಗಿಯುವ ಮಾತ್ರೆಗಳು ಒಂದು ಕಿಣ್ವವನ್ನು ತಡೆದು ಬಿಪಿ ಇಳಿಸುತ್ತವೆ. ಬ್ರಾಡಿಕೈನಿನ್ ಅನ್ನುವ ವಸ್ತುವನ್ನು ಒಡೆದು ಹಾಕುವುದೂ ಅದೇ ಕಿಣ್ವ. ಅದು ಒಡೆಯದೆ ಉಳಿದರೆ ಶ್ವಾಸನಾಳ ಕೆರಳುತ್ತದೆ. ನೂರಕ್ಕೆ ಸುಮಾರು ಹತ್ತು ಜನಕ್ಕೆ ಈ ಕೆಮ್ಮು ಬರುತ್ತದೆ. ಕೆಲವರಿಗೆ ಮೊದಲ ದಿನವೇ ಶುರು, ಕೆಲವರಿಗೆ ತಿಂಗಳುಗಳಾದ ಮೇಲೆ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ, ಕೆಲವೊಮ್ಮೆ ಮೂರು ತಿಂಗಳೂ ಹಿಡಿಯಬಹುದು. ಟೆಲ್ಮಿಸಾರ್ಟನ್, ಲೊಸಾರ್ಟನ್ ತರಹದ ಬೇರೆ ಬಿಪಿ ಮಾತ್ರೆಗಳಲ್ಲಿ ಈ ಕಾಟ ತೀರಾ ಕಡಿಮೆ.

ರಾಮಿಪ್ರಿಲ್ ಒಳ್ಳೆಯ ಔಷಧ, ಹೃದಯ ಕಾಯುತ್ತದೆ, ಅದರ ಮೇಲೆ ನನಗೇನೂ ಕೋಪವಿಲ್ಲ. ನನ್ನ ಕೋಪವೆಲ್ಲ ಆ ಅರ್ಧಕ್ಕೆ ನಿಂತ ವಾಕ್ಯದ ಬಗ್ಗೆ. 'ಆ ಮಾತ್ರೆ ಶುರು ಮಾಡಿದ ಮೇಲೆ' ಅನ್ನುವ ಐದು ಪದಗಳಲ್ಲೇ ರೋಗದ ಪತ್ತೆ ಇತ್ತು. ಎಕ್ಸ್‌ರೇಯಲ್ಲಿ ಅದು ಕಾಣುವುದು ಸಾಧ್ಯವೇ ಇರಲಿಲ್ಲ.

ವೈದ್ಯರು ರೋಗಿಯ ಮಾತಿಗೆ ಎಷ್ಟು ಬೇಗ ಅಡ್ಡ ಬರುತ್ತಾರೆ ಅಂತ ಅಮೆರಿಕದಲ್ಲಿ 1984ರಲ್ಲೇ ಅಳೆದಿದ್ದರು. ಸರಾಸರಿ 18 ಸೆಕೆಂಡ್. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಡ್ಡ ಬಂದವರಲ್ಲಿ ಅರ್ಧದಷ್ಟು ವೈದ್ಯರು 11 ಸೆಕೆಂಡಿನೊಳಗೇ ಬಾಯಿ ಹಾಕಿದ್ದರು. "ಎಲ್ಲರ ಕಥೆ ಕೇಳ್ತಾ ಕೂತರೆ ಹೊರಗಿರೋ ಐವತ್ತು ಜನರನ್ನ ಯಾರು ನೋಡ್ತಾರೆ?" ಅನ್ನುವ ಮಾತು ಈಗ ಬರುತ್ತದೆ ಅಂತ ಗೊತ್ತು. ವೈದ್ಯರ ಮೇಲಿನ ಒತ್ತಡ ನಿಜ, ಹತ್ತಿರದಿಂದ ನೋಡಿದ್ದೇನೆ. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಅಡ್ಡ ಬಾರದೆ ಕೂತು ಗಡಿಯಾರ ಹಿಡಿದು ನೋಡಿದ್ದಾರೆ, 2002ರಲ್ಲಿ ಪ್ರಕಟವಾಗಿದೆ. 335 ರೋಗಿಗಳು ತಾವಾಗೇ ಮಾತು ನಿಲ್ಲಿಸಲು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡ್. ಎರಡು ನಿಮಿಷದೊಳಗೆ ನೂರಕ್ಕೆ 78 ಜನ ಮುಗಿಸಿದ್ದರು. ಈ ಹೆಂಗಸಿನ ಮೂರು ಸಿರಪ್, ಎರಡು ಎಕ್ಸ್‌ರೇ, ಮತ್ತೆ ಮತ್ತೆ ಬಂದ ಭೇಟಿಗಳು, ಇವೆಲ್ಲ ಆ ಎರಡು ನಿಮಿಷಕ್ಕಿಂತ ಕಡಿಮೆ ಸಮಯ ತಿಂದವಾ?

ಇದು ಕೆಮ್ಮಿಗೆ ನಿಲ್ಲುವ ವಿಷಯ ಅಲ್ಲ. ಆಮ್ಲೊಡಿಪಿನ್ ಅನ್ನುವ ಇನ್ನೊಂದು ಬಿಪಿ ಮಾತ್ರೆ ನೋಡಿ. ಡೋಸ್ 5ರಿಂದ 10 ಮಿಲಿಗ್ರಾಂಗೆ ಏರಿಸಿದ ಮೇಲೆ ಕೆಲವರಿಗೆ ಸಂಜೆ ಹೊತ್ತಿಗೆ ಕಣಕಾಲು ಊದುತ್ತದೆ. ಕಾಲುಚೀಲದ ಅಚ್ಚು ಚರ್ಮದ ಮೇಲೆ ಉಳಿಯುತ್ತದೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ. ಊತ ಕಂಡ ಕೂಡಲೇ ನೀರು ಇಳಿಸುವ ಮಾತ್ರೆ. ಆದರೆ ಇಲ್ಲಿ ಮೈಯಲ್ಲಿ ನೀರು ಹೆಚ್ಚಾಗಿರುವುದಿಲ್ಲ. ಸಣ್ಣ ಅಪಧಮನಿಗಳು ಹಿಗ್ಗಿ, ಅಭಿಧಮನಿಗಳು ಅಷ್ಟು ಹಿಗ್ಗದೆ, ನಡುವಿನ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ದ್ರವ ಹೊರಗೆ ಜಿನುಗಿರುತ್ತದೆ. ಹಾಗಾಗಿ ನೀರು ಮಾತ್ರೆಯಿಂದ ಊತ ಅಷ್ಟಾಗಿ ಇಳಿಯುವುದಿಲ್ಲ, ಪೊಟ್ಯಾಸಿಯಂ ಇಳಿಯುತ್ತದೆ, ಯೂರಿಕ್ ಆಮ್ಲ ಏರುತ್ತದೆ. ಮುಂದೆ ಹೆಬ್ಬೆರಳ ಕೀಲು ಉರಿದರೆ ಗೌಟ್‌ಗೆ ಮತ್ತೊಂದು ಮಾತ್ರೆ. ಡೋಸ್ ಇಳಿಸಬಹುದಿತ್ತು, ಅಥವಾ 'ಸಾರ್ಟನ್' ಗುಂಪಿನ ಮಾತ್ರೆ ಜೊತೆಗೆ ಸೇರಿಸಬಹುದಿತ್ತು, ಆಗ ಊತ ಕಡಿಮೆಯಾಗುತ್ತದೆ. ಒಂದು ಔಷಧದ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಔಷಧ ಬರೆಯುವ ಈ ಸರಪಳಿಗೆ ವೈದ್ಯಶಾಸ್ತ್ರದಲ್ಲಿ 1990ರ ದಶಕದಿಂದಲೂ 'ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್' ಅನ್ನುವ ಹೆಸರೇ ಇದೆ. ಹೆಸರಿಟ್ಟು ಇಷ್ಟು ವರ್ಷವಾದ ಮೇಲೂ ಸರಪಳಿ ಮುಂದುವರಿಯುವುದು ಎಲ್ಲಿ? ಅದೇ ಅರ್ಧಕ್ಕೆ ನಿಂತ ವಾಕ್ಯದಲ್ಲಿ.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರ ಅಂಗಾಲು ಜೋಮು ಹಿಡಿದರೆ "ಶುಗರ್ ಅಲ್ವಾ, ಹಾಗೇ" ಅಂತ ಸಾಗಹಾಕುತ್ತಾರೆ. ಆ ಮಾತ್ರೆ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ, ಬಿ12 ಕೊರತೆಯಿಂದಲೂ ಅದೇ ಜೋಮು ಬರುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದಾಗಲೂ ನರಕ್ಕೆ ಹಾನಿ ಆಗಿರಬಹುದು. ಶುಗರ್‌ನ ಜೋಮನ್ನು ಹಿಂದಕ್ಕೆ ತರುವುದು ಕಷ್ಟ, ಬಿ12ನದು ಬೇಗ ಗೊತ್ತಾದರೆ ಸರಿಹೋಗಬಲ್ಲದು. ಒಂದು ರಕ್ತಪರೀಕ್ಷೆ ಕೇಳಿ ಪಡೆಯಿರಿ.

ಇನ್ನು 'ರಿಪೋರ್ಟ್ ನಾರ್ಮಲ್' ಅನ್ನುವ ಮಾತು. ಯಾವುದನ್ನು ಪರೀಕ್ಷೆ ಮಾಡಿದರೋ ಅದು ಸರಿ ಇದೆ, ಅಷ್ಟೇ ಅದರ ಅರ್ಥ. ನರಗಳ ವೇಗ ಅಳೆಯುವ ಪರೀಕ್ಷೆ ದಪ್ಪ ನರತಂತುಗಳನ್ನು ಮಾತ್ರ ನೋಡುತ್ತದೆ. ಉರಿ, ಚುಚ್ಚುವ ನೋವು ಸಾಗಿಸುವ ಸಣ್ಣ ತಂತುಗಳು ಹಾಳಾಗಿದ್ದರೂ ಆ ರಿಪೋರ್ಟ್ ನಾರ್ಮಲ್ ಬರುತ್ತದೆ.

ಅಡ್ಡ ಪರಿಣಾಮ ಅನ್ನುವುದು ಬಹುಪಾಲು ಮನಸ್ಸಿನ ಭಯ ಅನ್ನುವ ವಾದವೂ ಇದೆ, ಅದಕ್ಕೆ 2020ರ ಸ್ಯಾಮ್ಸನ್ ಪ್ರಯೋಗವನ್ನು ತೋರಿಸುತ್ತಾರೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಆಗಿಬರುವುದಿಲ್ಲ ಅಂತ ಬಿಟ್ಟಿದ್ದ 60 ಜನರಿಗೆ ನಾಲ್ಕು ತಿಂಗಳು ಸ್ಟಾಟಿನ್, ನಾಲ್ಕು ತಿಂಗಳು ಔಷಧವೇ ಇಲ್ಲದ ಹುಸಿಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ, ಹೀಗೆ ತಿಂಗಳುಗಳನ್ನು ಕಲಸಿ ಕೊಟ್ಟರು. ಸ್ಟಾಟಿನ್‌ನಲ್ಲಿ ಕಂಡ ತೊಂದರೆಯ 90% ಹುಸಿಮಾತ್ರೆಯಲ್ಲೂ ಕಂಡಿತು. ಫಲಿತಾಂಶ ಸರಿ. ಆದರೆ ಅದು ಗೊತ್ತಾದದ್ದು ಹೇಗೆ? ಒಂದು ವರ್ಷ, ದಿನಾ, ಪ್ರತಿಯೊಬ್ಬರ ತೊಂದರೆಗೂ ಸೊನ್ನೆಯಿಂದ ನೂರರವರೆಗೆ ಅಂಕ ಬರೆಸಿಕೊಂಡರು. ತಮ್ಮದೇ ಲೆಕ್ಕ ತಾವು ನೋಡಿದ ಮೇಲೆ ಅರ್ಧದಷ್ಟು ಜನ ಸ್ಟಾಟಿನ್ ಮತ್ತೆ ಶುರು ಮಾಡಿದರು. ಕೇಳಿಸಿಕೊಂಡದ್ದರಿಂದಲೇ ಭಯ ಹೋಯಿತು. ಮಾತು ತುಂಡರಿಸುವುದಕ್ಕೆ ಇದನ್ನು ಸಮರ್ಥನೆಯಾಗಿ ಯಾರೂ ತರಬೇಡಿ.

ಕಾಯಿಲೆ ಹೊತ್ತು ಓಡಾಡುತ್ತಿರುವವರಿಗೆ ಈಗ. ಹತ್ತು ಪುಟದ ಡೈರಿ ಬೇಡ, ಯಾರೂ ಓದುವುದಿಲ್ಲ. ಒಂದೇ ಹಾಳೆ. ಮೇಲೆ ಒಂದೇ ವಾಕ್ಯದಲ್ಲಿ ಮುಖ್ಯ ತೊಂದರೆ ಮತ್ತು ಅದು ಶುರುವಾದ ತಾರೀಖು. ಅದರ ಕೆಳಗೆ ಪ್ರತಿ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ ಶುರು, ಯಾವಾಗ ಡೋಸ್ ಬದಲು. ವಿಟಮಿನ್, ನೋವಿನ ಮಾತ್ರೆ, ಗಿಡಮೂಲಿಕೆ, ಎಲ್ಲವನ್ನೂ ಬರೆಯಿರಿ. 'ತುಂಬಾ ನೋವು' ಅಂದರೆ ಅದನ್ನು ಅಳೆಯಲಾಗುವುದಿಲ್ಲ. 'ಮೊದಲು ಮೂರು ಮಹಡಿ ಹತ್ತುತ್ತಿದ್ದೆ, ಈಗ ಹತ್ತು ಮೆಟ್ಟಿಲಿಗೆ ತೊಡೆ ಹಿಡಿಯುತ್ತದೆ' ಅನ್ನಿ. ಎದ್ದ ಕೂಡಲೇ ತಲೆಸುತ್ತಾ? ಐದು ನಿಮಿಷ ಮಲಗಿ ಬಿಪಿ ನೋಡಿ, ಎದ್ದು ನಿಂತು ಒಂದನೇ ನಿಮಿಷಕ್ಕೆ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಮೂರು ಅಳತೆಗಳನ್ನೂ ಹಾಳೆಗೆ ಸೇರಿಸಿ. ವಯಸ್ಸಾಯ್ತು ಅನ್ನುವ ಉತ್ತರ ಆ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಔಷಧದ್ದೇ ತಪ್ಪಾ ಅಂತ ತೂಗಿ ನೋಡಲು ವೈದ್ಯರ ಬಳಿ 1981ರಿಂದ ನರಾಂಜೊ ಮಾಪಕ ಇದೆ, ಹತ್ತು ಪ್ರಶ್ನೆಗಳದ್ದು. ಔಷಧ ಕೊಟ್ಟ ಮೇಲೆ ಬಂತಾ, ನಿಲ್ಲಿಸಿದರೆ ಕಡಿಮೆಯಾಯಿತಾ, ಮತ್ತೆ ಕೊಟ್ಟರೆ ಮರುಕಳಿಸಿತಾ, ಡೋಸ್ ಏರಿಸಿದಾಗ ಹೆಚ್ಚಿತಾ, ಬೇರೆ ಕಾರಣ ಇರಬಹುದಾ. ಇವುಗಳಲ್ಲಿ ಬಹಳಷ್ಟಕ್ಕೆ ಉತ್ತರ ಇರುವುದು ನಿಮ್ಮ ತಾರೀಖುಗಳಲ್ಲಿ.

ಆದರೆ ನೀವಾಗೇ ನಿಲ್ಲಿಸಬೇಡಿ. ಸ್ಟಿರಾಯ್ಡ್, ಹೃದಯ ಬಡಿತ ನಿಧಾನಿಸುವ ಬೀಟಾ ಬ್ಲಾಕರ್, ಮೂರ್ಛೆ ರೋಗದ ಔಷಧ, ಖಿನ್ನತೆಯ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಇವನ್ನು ಥಟ್ಟನೆ ಬಿಟ್ಟರೆ ಅಪಾಯ. 'ಪ್ರಿಲ್' ಮಾತ್ರೆ ತೆಗೆದುಕೊಳ್ಳುವವರಿಗೆ ತುಟಿ, ನಾಲಿಗೆ, ಮುಖ ಊದಿದರೆ ಮಾತ್ರ ಮುಂದಿನ ಡೋಸ್ ತೆಗೆದುಕೊಳ್ಳದೆ ನೇರ ತುರ್ತು ಚಿಕಿತ್ಸೆಗೆ ಓಡಿ.

ನನ್ನ ಲಿಸ್ಟ್‌ನಲ್ಲಿರುವ ಡಾಕ್ಟರ್ ಗೆಳೆಯರಿಗೆ ಒಂದೇ ಕೋರಿಕೆ. "ಬೇರೇನೂ ಇಲ್ಲ ತಾನೆ?" ಅಂತ ಕೇಳಬೇಡಿ. ಆ ಪ್ರಶ್ನೆಯಲ್ಲೇ 'ಇಲ್ಲ' ಅನ್ನುವ ಉತ್ತರ ಇದೆ. ಇಂಗ್ಲಿಷಿನಲ್ಲಿ 'ಎನಿಥಿಂಗ್ ಎಲ್ಸ್' ಬದಲು 'ಸಮ್‌ಥಿಂಗ್ ಎಲ್ಸ್' ಅಂತ ಕೇಳಿಸಿ 2007ರಲ್ಲಿ ಪರೀಕ್ಷಿಸಿದರು. 'ಸಮ್‌ಥಿಂಗ್' ಅಂತ ಕೇಳಿದಾಗ, ಎಂದಿನಂತೆ ನಡೆದ ಭೇಟಿಗಳಲ್ಲಿ ಹೇಳದೆ ಉಳಿಯುತ್ತಿದ್ದ ತೊಂದರೆಗಳಲ್ಲಿ 78% ಕಡಿಮೆಯಾದವು. ಕನ್ನಡದಲ್ಲಿ "ಇನ್ನೂ ಏನೋ ಹೇಳೋದಿದೆ ಅಲ್ವಾ?" ಅಂದರೆ ಸಾಕು.

ಆ ಹೆಂಗಸಿಗೆ ಮೂರು ಸಾಲು ಬರೆದುಕೊಟ್ಟೆ. ಮಾತ್ರೆ ಶುರುವಾದ ತಾರೀಖು. ಕೆಮ್ಮು ಶುರುವಾದ ತಾರೀಖು. ಮೂರನೆಯದು, 'ಇದು ಮಾತ್ರೆಯಿಂದ ಇರಬಹುದಾ? ಅಲ್ಲದಿದ್ದರೆ ಯಾಕಲ್ಲ ಅನ್ನುವುದನ್ನು ಫೈಲಿನಲ್ಲಿ ಬರೆದುಕೊಡಿ.'

"ಇದನ್ನ ಅವರ ಕೈಗೆ ಕೊಡ್ಲಾ, ಓದಿ ಹೇಳ್ಲಾ?" ಅಂತ ಕೇಳಿದರು.

ಮೊದಲು ಓದಿ, ಪೂರ್ತಿ ಓದಿ, ನಡುವೆ ಅವರು ಮಾತಾಡಿದರೆ ಅದು ಮುಗಿಯುವ ತನಕ ಕಾದು ಮತ್ತೆ ಮೊದಲಿಂದ ಓದಿ, ಆಮೇಲೆ ಕೈಗೆ ಕೊಡಿ ಅಂದೆ.