ಮಾರ್ಕೆಟಿಂಗ್ ಡಿಗ್ರಿ: ಗಿರಾಕಿ ಬಿಟ್ಟು ಮಿಕ್ಕಿದ್ದೆಲ್ಲ ರೆಡಿ

ಯೂನಿವರ್ಸಿಟಿಯಲ್ಲಿ ಹೊಸದಾಗಿ ಮಾರ್ಕೆಟಿಂಗ್ ಡಿಗ್ರಿ ಶುರು ಮಾಡ್ಬೇಕು ಅಂತಿಟ್ಕೊಳ್ಳಿ. ಮೊದಲು ಏನ್ ಮಾಡ್ಬೇಕು? ಮಾರ್ಕೆಟ್ ರಿಸರ್ಚ್ ಅಂದ್ರಾ? ಅಯ್ಯೋ ಅದು ಮೂರನೇ ಸೆಮಿಸ್ಟರ್ ಪಾಠ ಸ್ವಾಮಿ, ಈಗ್ಲೇ ಯಾಕೆ. ಮೊದಲು ಕಮಿಟಿ ಆಗ್ಬೇಕು. ಕಮಿಟಿಲಿ ಒಬ್ರು ಎಕನಾಮಿಕ್ಸು, ಒಬ್ರು ರಿಟೈರ್ ಆದ ಕಾಮರ್ಸು, ಒಬ್ರು ಇಂಡಸ್ಟ್ರಿ ಎಕ್ಸ್‌ಪರ್ಟು (ಬಂದು ಸೈನ್ ಹಾಕಿ ಫೋಟೋ ತೆಗೆಸ್ಕೊಂಡು ಹೊರಟೋಗೋರು). ಉಳಿದವರು ಜನ್ಮದಲ್ಲಿ ಒಂದು ಗುಂಡುಪಿನ್ ಮಾರಿದವರಲ್ಲ.

ಮೊದಲ ಮೀಟಿಂಗ್ ಪೂರ್ತಿ ಕೋರ್ಸಿನ ಹೆಸರಿಗೇ ಹೋಗುತ್ತೆ. ಡಿಜಿಟಲ್ ಅಂತ ಇರ್ಲೇಬೇಕು ಅಂತಾರೆ ಒಬ್ರು, ಎಐ ಇಲ್ದಿದ್ರೆ ಅಡ್ಮಿಷನ್ ಆಗಲ್ಲ ಅಂತಾರೆ ಇನ್ನೊಬ್ರು, ಗ್ಲೋಬಲ್ ಬಿಟ್ರೆ ನಾನು ಎದ್ದೋಗ್ತೀನಿ ಅಂತ ಮತ್ತೊಬ್ರು, ಕೊನೆಗೆ ಎಲ್ಲಾನೂ ಸೇರ್ಸಿ ಹೆಸರು ಎಷ್ಟುದ್ದ ಆಗುತ್ತೆ ಅಂದ್ರೆ ಸರ್ಟಿಫಿಕೇಟಲ್ಲಿ ವಿದ್ಯಾರ್ಥಿ ಹೆಸರಿಗೆ ಜಾಗ ಇರಲ್ಲ. ಸಿಲಬಸ್ಸಾ? ಅದು ಹತ್ತು ನಿಮಿಷದ ಕೆಲಸ. ಪಕ್ಕದ ಯೂನಿವರ್ಸಿಟಿದು ಇಳಿಸ್ಕೊಂಡ್ರಾಯ್ತು, ಪ್ರತಿ ಪುಟದ ಕೆಳಗೆ ಅವರ ಹೆಸರು ಹಂಗೇ ಉಳ್ಕೊಂಡಿರುತ್ತೆ, ಪಾಸ್ ಆಗುತ್ತೆ.

ಅದರಲ್ಲಿ ಏನಿರುತ್ತೆ ಅಂದ್ರೆ 1960ರಲ್ಲಿ ಜೆರೋಮ್ ಮೆಕಾರ್ಥಿ ಅನ್ನೋ ಮಾರ್ಕೆಟಿಂಗ್ ಪ್ರೊಫೆಸರ್ ಕೊಟ್ಟ ನಾಲ್ಕು ಪಿ: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. 1981ರಲ್ಲಿ ಬೂಮ್ಸ್ ಮತ್ತು ಬಿಟ್ನರ್ ಅನ್ನೋರು ಸೇವೆಗಳಿಗೆ ಅಂತ ಇನ್ನೂ ಮೂರು ಪಿ ಸೇರ್ಸಿದ್ರು. ನಮ್ಮದು ಏಳು ಪಿ ಕೋರ್ಸು, ಹಾಗಾಗಿ ಲೇಟೆಸ್ಟು ಅಂತ ಎದೆ ಉಬ್ಬಿಸ್ಕೊಳ್ಳೋದು ಬೇರೆ.

ಅದೇ 1960ರಲ್ಲಿ ಥಿಯೋಡರ್ ಲೆವಿಟ್ ಅಂತ ಒಬ್ರು ಬರೆದಿದ್ರು: ಅಮೆರಿಕದ ರೈಲು ಕಂಪನಿಗಳು ಬಿದ್ದಿದ್ದು ಜನ ಓಡಾಡೋದು ಕಮ್ಮಿ ಆಗಿದ್ದಕ್ಕಲ್ಲ, ತಾವು ರೈಲು ಓಡಿಸೋರು ಅಂದ್ಕೊಂಡ್ರೇ ಹೊರತು ಜನರನ್ನ ಸಾಗಿಸೋರು ಅಂದ್ಕೊಳ್ಳಲಿಲ್ಲ ಅಂತ. ಈ ಪಾಠ ಮಾಡ್ಬೇಕಾದ ಮೇಷ್ಟ್ರೇ ಕಮಿಟಿಲಿ ಹೇಳ್ತಾರೆ, 'ರೂಮಿದೆ, ಬೆಂಚಿದೆ, ಕೋರ್ಸ್ ಅಂದ್ರೆ ಇನ್ನೇನ್ರೀ, ಹುಡುಗ್ರಿಗೆ ಏನ್ ಬೇಕು ಅಂತ ಅವರಿಗೇನ್ ಗೊತ್ತು?' ಪುಸ್ತಕದ ಬದನೆಕಾಯಿ ಅನ್ನೋದು ಇದಕ್ಕೇ.

ಯಾರೋ ಕಿರಿಯ ಲೆಕ್ಚರರ್ ಮೆತ್ತಗೆ, ಸರ್ ಒಂದು ಸರ್ವೇ ಮಾಡೋಣ್ವಾ ಅಂದ್ರೆ ಅಧ್ಯಕ್ಷರು ತಕ್ಷಣ ನ್ಯೂ ಕೋಕ್ ಕಥೆ ತೆಗೀತಾರೆ. 1985ರಲ್ಲಿ ಕೋಕಾ-ಕೋಲಾ ಕಂಪನಿಯವರು ಹಳೇ ಕೋಕ್ ತೆಗೆದು ಹೊಸ ರುಚಿಯ ಕೋಕ್ ತಂದ್ರು, ಅದಕ್ಕೂ ಮುಂಚೆ ಸುಮಾರು 2 ಲಕ್ಷ ಜನರಿಗೆ ಕುಡಿಸಿ ಕೇಳಿದ್ರು, ಜನ ರುಚಿ ಚೆನ್ನಾಗಿದೆ ಅಂದ್ರು, ಆದ್ರೂ 79 ದಿನಕ್ಕೆ ಹಳೇ ಕೋಕನ್ನೇ ವಾಪಸ್ ತರ್ಬೇಕಾಯ್ತು, ನೋಡಿ, ಜನರನ್ನ ಕೇಳಿದ್ರೆ ಇದೇ ಗತಿ! ಹಳೇದು ಸಿಗೋದೇ ಇಲ್ಲ ಅಂದ್ರೆ ನಿಮಗೆ ಓಕೆನಾ ಅಂತ ಅವರು ಸರಿಯಾಗಿ ಕೇಳದೇ ಇದ್ದಿದ್ದೇ ಎಡವಟ್ಟು ಅಂತ ಯಾರೂ ಬಾಯಿ ಬಿಡಲ್ಲ. ಸರ್ವೇ ಬೇಡ ಅಂತ ಸರ್ವಾನುಮತದ ನಿರ್ಣಯ.

ಇಡೀ ಯೋಜನೆಯಲ್ಲಿ ನಿಜವಾದ ಮಾರ್ಕೆಟಿಂಗ್ ಇರೋದು ಬ್ರೋಷರಲ್ಲಿ ಮಾತ್ರ ಕಣ್ರೀ. ಉರಿಬಿಸಿಲಲ್ಲಿ ಹುಲ್ಲಿನ ಮೇಲೆ ಕೂತು ಲ್ಯಾಪ್‌ಟಾಪ್ ನೋಡಿ ನಗೋ ಹುಡುಗರು (ಆ ಬೆಳಕಲ್ಲಿ ಸ್ಕ್ರೀನ್ ಕಾಣ್ಸುತ್ತಾ ಅಂತ ಕೇಳ್ಬೇಡಿ), ದಪ್ಪ ಅಕ್ಷರದಲ್ಲಿ '100% ಪ್ಲೇಸ್‌ಮೆಂಟ್', ಕೆಳಗೆ ಇರುವೆ ಗಾತ್ರದಲ್ಲಿ 'ನೆರವು'. ಒಂದೇ ವಾರದಲ್ಲಿ ಸೀಟ್ ಫುಲ್. ಆ ಬ್ರೋಷರ್ ಮಾಡಿದವನನ್ನೇ ಪಾಠಕ್ಕೆ ಕರೀರಿ ಅಂದ್ರೆ, ಅವನಿಗೆ ಅರ್ಹತೆ ಇಲ್ವಂತೆ, ಬೇಕಾದ್ರೆ ಮುಂದಿನ ಬ್ಯಾಚಿಗೆ ಫೀಸ್ ಕಟ್ಟಿ ಸೇರ್ಕೊಳ್ಳಲಿ ಅಂದ್ರಂತೆ.