ಕುಂಕೊಳ್ಳಿಯ ಬಾವಿ ಮತ್ತು ಯಾರ ಲೆಕ್ಕಕ್ಕೂ ಸಿಗದ ಹದಿನಾಲ್ಕು ಮಂದಿ

ಕ್ರೈಸ್ತ ಮಿಷನರಿಗಳು ಅನುಭವಿಸಿದ ಹಿಂಸೆಯ ಬಗ್ಗೆ ಬರೆಯಲು ಕುಳಿತವರು ಸಾಮಾನ್ಯವಾಗಿ ರೋಮಿನಿಂದ ಆರಂಭಿಸುತ್ತಾರೆ. ಕ್ರಿ.ಶ. 64ರಲ್ಲಿ ರೋಮ್ ನಗರಕ್ಕೆ ಬಿದ್ದ ಬೆಂಕಿ, ಅದರ ತಪ್ಪನ್ನು ಕ್ರೈಸ್ತರ ತಲೆಗೆ ಕಟ್ಟಿದ ನೀರೋ, ಇವು ಎಲ್ಲರೂ ಕೇಳಿದ ಸಂಗತಿಗಳು. ಆ ಕಾಲದ ಕ್ರೈಸ್ತರ ಬಳಿ ಸೈನ್ಯವಿರಲಿಲ್ಲ, ಕೋಟೆಯಿರಲಿಲ್ಲ, ಕಂದಾಯ ವಸೂಲಿಯ ಅಧಿಕಾರವಿರಲಿಲ್ಲ. ಆದ್ದರಿಂದ ಹಿಂಸಿಸಿದವರು ಯಾರು, ಹಿಂಸೆಗೆ ಒಳಗಾದವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸುಲಭ. ನನಗೆ ಬಹಳ ಕಾಲದಿಂದ ಬಿಡಿಸಲಾಗದ ಗಂಟಾಗಿ ಉಳಿದಿರುವುದು ನಮಗೆ ತೀರ ಹತ್ತಿರದ ಒಂದು ಪ್ರಕರಣ. ಅದು ನಡೆದದ್ದು 1583ರ ಜುಲೈ ತಿಂಗಳಲ್ಲಿ, ದಕ್ಷಿಣ ಗೋವೆಯ ಕುಂಕೊಳ್ಳಿಯಲ್ಲಿ. ಕಾರವಾರದಿಂದ ಉತ್ತರಕ್ಕೆ ಹೊರಟವರಿಗೆ ಮಡಗಾಂವ ಸಿಗುವ ಮೊದಲೇ ಹೆದ್ದಾರಿಯ ಮೇಲೆ ಸಿಗುವ ಊರು ಅದು.

ಆ ದಿನ ಅಲ್ಲಿ ಐವರು ಜೆಸ್ವಿಟರು, ಅಂದರೆ ಯೇಸುಸಭೆ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದವರು, ಕೊಲೆಯಾದರು. ಅವರ ಮುಖ್ಯಸ್ಥ ರೊದೊಲ್ಫೊ ಅಕ್ವಾವಿವಾ ಇಟಲಿಯ ಆತ್ರಿಯ ಡ್ಯೂಕನ ಮಗ. ವಯಸ್ಸು ಇನ್ನೂ ಮೂವತ್ತೆರಡು. 1580ರಲ್ಲಿ ಅಕ್ಬರನ ಆಹ್ವಾನದ ಮೇರೆಗೆ ಫತೇಪುರ್ ಸಿಕ್ರಿಗೆ ಹೋದ ಮೊದಲ ಜೆಸ್ವಿಟ್ ತಂಡದ ನಾಯಕ ಆತನೇ. ಬಾದಶಹನ ಸಮ್ಮುಖದಲ್ಲಿ ಮುಲ್ಲಾಗಳೊಡನೆ ವಾದಿಸಿ, ಮೂರು ವರ್ಷ ಕಳೆದು, ಕೂದಲೂ ಕೊಂಕದೆ ಗೋವೆಗೆ ಮರಳಿದವನು, ಅದೇ ವರ್ಷ ತನ್ನದೇ ದೊರೆತನದ ನೆಲವೆಂದು ನಂಬಿದ್ದ ಸಾಷ್ಟಿಯಲ್ಲಿ, ಕುಂಕೊಳ್ಳಿ ಸೇರಿರುವ ಸೀಮೆಯಲ್ಲಿ, ಸತ್ತ. ಮಿಷನರಿಗೆ ಯಾವ ನೆಲ ಅಪಾಯದ್ದು, ಯಾವುದು ಸುರಕ್ಷಿತ ಎಂಬ ನಮ್ಮ ಸುಲಭ ಎಣಿಕೆಯನ್ನು ಈ ಒಂದು ಸಂಗತಿಯೇ ತಲೆಕೆಳಗು ಮಾಡುತ್ತದೆ.

ಇನ್ನುಳಿದ ನಾಲ್ವರು ಸ್ಪೇನಿನ ಅಲ್ಫೊನ್ಸೊ ಪಾಶೆಕೊ, ಇಂದಿನ ಸ್ವಿಟ್ಜರ್ಲೆಂಡಿನ ಅಸ್ಕೋನಾ ಊರಿನ ಪಿಯೆತ್ರೊ ಬೆರ್ನೊ, ಪೋರ್ಚುಗಲ್ಲಿನ ಅಂತೋನಿಯೊ ಫ್ರಾನ್ಸಿಸ್ಕೊ ಮತ್ತು ಫ್ರಾನ್ಸಿಸ್ಕೊ ಅರಾನ್ಯಾ. ಓರ್ಲಿಯ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕೂಡಿಕೊಂಡು ಹೊರಟ ಇವರೆಲ್ಲ ಕುಂಕೊಳ್ಳಿಯಲ್ಲಿ ಶಿಲುಬೆ ನೆಟ್ಟು ಇಗರ್ಜಿಗೆ ಜಾಗ ಗೊತ್ತುಮಾಡಲು ಬಂದಿದ್ದರು. ಊರವರು ಆಯುಧ ಹಿಡಿದು ಸುತ್ತುವರಿದಾಗ ಜೊತೆಗಿದ್ದ ಗೊನ್ಸಾಲೊ ರೊಡ್ರಿಗಸ್ ಎಂಬ ಪೋರ್ಚುಗೀಸನು ಬಂದೂಕು ಎತ್ತಿದನೆಂದೂ, ತಾವು ಕಾದಾಡಲು ಬಂದವರಲ್ಲವೆಂದು ಹೇಳಿ ಪಾಶೆಕೊ ಅವನನ್ನು ತಡೆದನೆಂದೂ ಜೆಸ್ವಿಟ್ ಮೂಲಗಳು ಹೇಳುತ್ತವೆ. ಈ ಮಾತನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ. ಸಾವಿನ ಎದುರು ಅವರು ತೋರಿದ ಧೈರ್ಯ ನಿಜವಾದ ಧೈರ್ಯವೇ. ಕೊಂದ ಮೇಲೆ ಶವಗಳನ್ನು ಬಾವಿಗೆ ಎಸೆಯಲಾಯಿತು. ಕೆಲವು ದಿನಗಳ ನಂತರವಷ್ಟೇ ಅವು ದೊರೆತವು.

ಆದರೆ ಕಥೆಯನ್ನು ಆ ಬೆಳಗಿನಿಂದ ಆರಂಭಿಸುವುದು ಸರಿಯಲ್ಲ ಎಂಬುದೇ ನನ್ನ ತಕರಾರು. ಸಾಷ್ಟಿ ಮತ್ತು ಬಾರ್ದೇಶ ಪೋರ್ಚುಗೀಸರ ವಶಕ್ಕೆ ಬಂದದ್ದು 1543ರಲ್ಲಿ, ನಮ್ಮ ವಿಜಯಪುರದ ಆದಿಲಶಾಹಿಯ ಕೈಯಿಂದ. ಎರಡು ಆಸ್ಥಾನಗಳ ನಡುವಿನ ಕೊಡುಕೊಳ್ಳುವಿಕೆಯಲ್ಲಿ ಅಲ್ಲಿನ ರೈತನ ಮಾತನ್ನು ಯಾರೂ ಕೇಳಲಿಲ್ಲ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಶನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, ಸ್ಥಾಪನೆಯಾಯಿತು. 1567ರಲ್ಲಿ ರಾಯ್ತೂರು ಕೋಟೆಯ ಕ್ಯಾಪ್ಟನ್ ದಿಯೊಗೊ ರೊಡ್ರಿಗಸ್ ಸಾಷ್ಟಿಯ ಸುಮಾರು 280 ದೇವಾಲಯಗಳನ್ನು ಕೆಡವಿಸಿದ. ಕುಂಕೊಳ್ಳಿಯವರು ಕೆಡವಿದ್ದನ್ನು ಮತ್ತೆ ಕಟ್ಟಿಕೊಂಡರು. ಅಸೋಳ್ಣೆ, ವೆಳ್ಳಿ ಮುಂತಾದ ನೆರೆಯ ಊರುಗಳವರೊಡನೆ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಅವರನ್ನು ಹಣಿಯಲು ಸೈನ್ಯ ಬಂದಾಗ ಅದರೊಡನೆ ಬಂದು, ದೇವಾಲಯಗಳ ನಾಶದಲ್ಲಿ ಕೈಜೋಡಿಸಿದವರು ಪಾಶೆಕೊ ಮತ್ತು ಬೆರ್ನೊ. ಇದು ವಿರೋಧಿಗಳು ಹೊರಿಸಿದ ಆರೋಪವಲ್ಲ, ಚರ್ಚಿನ ಇತಿಹಾಸಕಾರರೇ ದಾಖಲಿಸಿದ ಸಂಗತಿ. ಜುಲೈ ತಿಂಗಳಲ್ಲಿ ಅದೇ ಮುಖಗಳು ಶಿಲುಬೆ ಹಿಡಿದು ಸಮಾಧಾನದ ಮಾತಾಡುತ್ತ ಬಂದಾಗ ಊರ ಗಾಂವಕಾರರು (ಊರಿನ ಮೂಲ ಹಕ್ಕುದಾರ ಮನೆತನದವರು) ಅವರನ್ನು ಹೇಗೆ ಬೇರೆಯಾಗಿ ಕಾಣಬೇಕಿತ್ತು? ನಿರಾಯುಧರನ್ನು ಕೊಂದದ್ದು ನ್ಯಾಯವೆಂದು ನಾನು ಹೇಳುತ್ತಿಲ್ಲ. ಆ ಕೈಗಳು ಹಿಂದಿನ ಸಲವೂ ನಿರಾಯುಧವಾಗಿದ್ದವೇ ಎಂದು ಕೇಳುತ್ತಿದ್ದೇನೆ, ಅಷ್ಟೆ.

ಬಳಿಕ ಪೋರ್ಚುಗೀಸರಿಂದ ಬಂದ ಪ್ರತೀಕಾರಕ್ಕೆ ವಿಚಾರಣೆಯ ಸೋಗೂ ಇರಲಿಲ್ಲ. ಮಾತುಕತೆಯ ನೆಪದಲ್ಲಿ ಹದಿನಾರು ಮುಖಂಡರನ್ನು ಅಸೋಳ್ಣೆಯ ಕೋಟೆಗೆ ಕರೆಸಿ ಹದಿನೈದು ಮಂದಿಯನ್ನು ಕೊಲ್ಲಲಾಯಿತು. ಒಬ್ಬ ನದಿಗೆ ಹಾರಿ ಕಾರವಾರದ ಕಡೆಗೆ ಪಾರಾದನೆಂಬುದು ಊರಿನ ನೆನಪು. ಊರ ಜಮೀನನ್ನು ಮುಟ್ಟುಗೋಲು ಹಾಕಿಕೊಂಡು ಪೋರ್ಚುಗೀಸ್ ಶ್ರೀಮಂತನೊಬ್ಬನಿಗೆ ಉಂಬಳಿ ಕೊಟ್ಟರು. ಊರದೇವತೆ ಶಾಂತಾದುರ್ಗೆ ಪೋರ್ಚುಗೀಸರ ಹಿಡಿತದ ಆಚೆಗಿದ್ದ ಫಾತರ್ಪೆಗೆ ಹೋಗಿ ನೆಲೆಸಿದಳು. (ಆ ಸೀಮೆ ಮುಂದೆ ನಮ್ಮ ಸೋದೆಯ ಅರಸರ ಆಳ್ವಿಕೆಯಲ್ಲಿತ್ತು.) ಇಂದಿಗೂ ಫಾಲ್ಗುಣದಲ್ಲಿ ಹನ್ನೆರಡು ವಾಂಗಡಗಳ (ಮನೆತನಗಳ) ಹನ್ನೆರಡು ಛತ್ರಿಗಳೊಡನೆ ದೇವಿಯ ಮೆರವಣಿಗೆ ಫಾತರ್ಪೆಯಿಂದ ಹಳೆಯ ಊರಿಗೆ ಬರುತ್ತದೆ, ಹಿಂತಿರುಗುತ್ತದೆ. ಅದನ್ನು ನೋಡಲು ಊರಿನ ಕ್ರೈಸ್ತರೂ ನಿಲ್ಲುತ್ತಾರೆ. ಅವರಲ್ಲಿ ಅನೇಕರ ಪೂರ್ವಿಕರೂ ಅದೇ ಗಾಂವಕಾರರು.

ಐವರು ಜೆಸ್ವಿಟರನ್ನು 1893ರಲ್ಲಿ ಪೋಪ್ ಹದಿಮೂರನೆಯ ಲಿಯೊ ಧನ್ಯರೆಂದು (ಸಂತಪದವಿಗೆ ಮುಂಚಿನ ಮೆಟ್ಟಿಲು) ಘೋಷಿಸಿದರು. ಹತರಾದ ಮುಖಂಡರಿಗೆ ನಾಲ್ಕು ಶತಮಾನ ಕಳೆದ ಮೇಲೆ ಕುಂಕೊಳ್ಳಿಯಲ್ಲಿ ಸ್ಮಾರಕ ಎದ್ದಿತು. ಚರ್ಚಿನ ಕನ್ನಡದಲ್ಲಿ ಅವರು ರಕ್ತಸಾಕ್ಷಿಗಳು, ಸಾರ್ವಜನಿಕ ಸಭೆಗಳ ಕನ್ನಡದಲ್ಲಿ ಇವರು ಹುತಾತ್ಮರು. ಎರಡೂ ಕಡೆಯವರು ತಂತಮ್ಮ ಪಟ್ಟಿಯನ್ನು ಹಿಡಿದುಕೊಂಡು ಫೇಸ್‌ಬುಕ್ಕಿನಲ್ಲಿ ಜಗಳವಾಡುವುದನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಈ ಎರಡೂ ಪಟ್ಟಿಗಳಲ್ಲಿ ಇಲ್ಲದವರು. ಅದೇ ದಾಳಿಯಲ್ಲಿ, ಅದೇ ಜಾಗದಲ್ಲಿ, ಗೊನ್ಸಾಲೊ ರೊಡ್ರಿಗಸನ ಜೊತೆಗೆ ಹದಿನಾಲ್ಕು ಮಂದಿ ಸ್ಥಳೀಯ ಕ್ರೈಸ್ತರೂ ಕೊಲೆಯಾದರು. 1893ರ ಘೋಷಣೆ ಯುರೋಪಿನ ಐವರಿಗೆ ನಿಂತುಹೋಯಿತು. ಈ ಹದಿನಾಲ್ವರ ಹೆಸರು ಅದರಲ್ಲಿಲ್ಲ. ಮುಖಂಡರ ಸ್ಮಾರಕದಲ್ಲಿ ಅವರಿಗೆ ಜಾಗವಿರುವ ಪ್ರಶ್ನೆಯೇ ಏಳುವುದಿಲ್ಲ, ಅವರು ಎದುರು ಪಕ್ಷದವರೊಡನೆ ಬಂದವರು. ಮಿಷನರಿಗಳ ಮೇಲಿನ ಹಿಂಸೆ ಎಂಬ ಶೀರ್ಷಿಕೆಯಡಿ ನಾವು ಓದುವುದೆಲ್ಲ ಹಡಗಿನಿಂದ ಇಳಿದವರ ಕಥೆ. ಅವರ ಪುಸ್ತಕ ಹೊತ್ತವರು, ದಾರಿ ತೋರಿದವರು ಆ ಕಥೆಯ ಅಂಚಿನಲ್ಲಿ ಸಾಯುತ್ತಾರೆ. ಹೊರಗಿನಿಂದ ಬಂದವನಿಗೆ ಹಿಂದೆ ಒಂದು ಸಾಮ್ರಾಜ್ಯವಿತ್ತು, ಮುಂದೆ ಒಂದು ಸ್ವರ್ಗವಿತ್ತು. ಊರಿನವನಿಗೆ ಎದುರಾದದ್ದು ತನ್ನದೇ ಚಿಕ್ಕಪ್ಪ, ದೊಡ್ಡಪ್ಪಂದಿರು.

ಈ ಮಾತನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಆ ಹದಿನಾಲ್ವರಲ್ಲಿ ಒಬ್ಬನಾದ ಅಲ್ಫೊನ್ಸೊ ಎಂಬ ಹುಡುಗ ಪಾಶೆಕೊನ ಪ್ರಾರ್ಥನಾ ಪುಸ್ತಕವನ್ನು ಹೊತ್ತು ಹಿಂದೆ ನಡೆಯುತ್ತಿದ್ದವನು. ಅದನ್ನು ಬಿಟ್ಟುಕೊಡಲಿಲ್ಲವೆಂದು ಅವನ ಕೈಗಳನ್ನು ಕತ್ತರಿಸಿದರು, ಓಡಿಹೋಗದಂತೆ ಮೊಣಕಾಲಿನ ಕೀಲುಗಳನ್ನು ಕಡಿದರು. ಮರುದಿನದವರೆಗೆ ಜೀವ ಹಿಡಿದಿದ್ದವನನ್ನು ಹುಡುಕಿ ಕೊಂದರು. ಮಡಗಾಂವದ ಇಗರ್ಜಿಯಲ್ಲಿ ಅವನನ್ನು ಹೂಳಲಾಯಿತು. ದೊಮಿಂಗೊ ಎಂಬ ಇನ್ನೊಬ್ಬ ಕುಂಕೊಳ್ಳಿಯವನೇ, ರಾಯ್ತೂರಿನಲ್ಲಿ ಓದುತ್ತಿದ್ದ ಹುಡುಗ. ಹಿಂದಿನ ದಾಳಿಗಳಲ್ಲಿ ಪಾದ್ರಿಗಳ ಜೊತೆ ಬಂದು ದೇವಾಲಯಗಳು ಎಲ್ಲೆಲ್ಲಿವೆ ಎಂದು ಬೆರಳು ಮಾಡಿ ತೋರಿಸಿದವನು ಅವನು. ಆ ದೇವಾಲಯಗಳ ದಾರಿಯನ್ನು ಅವನು ಕಲಿತದ್ದು ಪ್ರಾಯಶಃ ಮನೆಯವರ ಕೈ ಹಿಡಿದು ನಡೆಯುತ್ತಿದ್ದ ವಯಸ್ಸಿನಲ್ಲಿ. ಅವನನ್ನು ಕೊಂದದ್ದು ಅವನ ಸ್ವಂತ ಚಿಕ್ಕಪ್ಪ.