124.80 ಅಡಿ ನೀರು, 607 ಪಿಕ್ಸೆಲ್ ಸುದ್ದಿ

ಮೈಸೂರು-ಮಂಡ್ಯದ ಹುಡುಗರು ಟಿವಿ ಮುಂದೆ ಕೂರುವುದನ್ನು ಬಿಟ್ಟು ಯಾವ ಕಾಲವಾಯಿತೋ. ವಿಷಯ ಸುದ್ದಿವಾಹಿನಿಗಳ ಕಿವಿಗೆ ಬಿದ್ದದ್ದು ಈಚೆಗೆ. ಬಿದ್ದ ಕೂಡಲೇ ಮೀಟಿಂಗ್ ಸೇರಿ, ಸುದ್ದಿಯನ್ನು ಬದಲಿಸುವುದು ಕಷ್ಟ, ಪರದೆಯನ್ನು ನೆಟ್ಟಗೆ ನಿಲ್ಲಿಸುವುದು ಸುಲಭ ಎಂದು ತೀರ್ಮಾನಿಸಿದರು.

ನೆಟ್ಟಗೆ ನಿಲ್ಲಿಸುವ ಕ್ರಮ ಹೀಗೆ. ಟಿವಿಗೆ ತೆಗೆದ ಚಿತ್ರ 1920 ಪಿಕ್ಸೆಲ್ ಅಗಲ, 1080 ಎತ್ತರ. ಅದು ಮೊಬೈಲ್ ಪರದೆಯನ್ನು ಉದ್ದಕ್ಕೆ ತುಂಬಬೇಕಾದರೆ ಎತ್ತರ ಹಾಗೇ ಇಟ್ಟು ಅಗಲವನ್ನು 607ಕ್ಕೆ ಕತ್ತರಿಸಬೇಕು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಚಿತ್ರ ಕಸಕ್ಕೆ. ಕ್ಯಾಮೆರಾದವರಿಗೆ ಮೊದಲೇ ಹೇಳಿದ್ದರೆ ಮುಖ್ಯವಾದದ್ದನ್ನು ನಡುವಿಗೆ ಇಟ್ಟುಕೊಂಡು ತೆಗೆಯುತ್ತಿದ್ದರು, ಹೇಳುವವರು ಯಾರು? ಹಾಗಾಗಿ ಕನ್ನಂಬಾಡಿಯ ಕೆಆರ್‌ಎಸ್ ಅಣೆಕಟ್ಟೆಯ ವರದಿಯಲ್ಲಿ ವರದಿಗಾರ ನಡುವೆ ನಿಂತು, ಎಡಗೈಯಲ್ಲಿ ನೀರನ್ನೂ ಬಲಗೈಯಲ್ಲಿ ಗ್ರಾಫಿಕ್ಸ್‌ನ ಅಂಕಿಪಟ್ಟಿಯನ್ನೂ ತೋರಿಸುತ್ತಾನೆ. ಕತ್ತರಿ ಆಡಿದ ಮೇಲೆ ಉಳಿಯುವುದು ಒಂದು ಶರ್ಟು, ಒಂದು ಮೈಕು, ಮೊಣಕೈವರೆಗಿನ ಎರಡು ಕೈ. ಕನ್ನಂಬಾಡಿ ಹೊರಗೆ, ಅಂಕಿಯೂ ಹೊರಗೆ. ಕೆಳಗಿನ ಸ್ಕ್ರೋಲ್‌ನಲ್ಲಿ 'ಕ್ಯೂಸೆ' ಅಂತ ಮೂಡಿ ಮಾಯವಾಗುತ್ತದೆ.

ಮಂಡ್ಯದ ಇಪ್ಪತ್ತೆರಡರ ಹುಡುಗನಿಗೆ ಬೇಕಿದ್ದುದು ಆ ಅಂಕಿಯೇ. ಕಟ್ಟೆ ತುಂಬುವ 124.80 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು, ಗದ್ದೆಗೆ ನೀರುಣಿಸುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಯಾವತ್ತು, ಬಿಟ್ಟರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯೋ ಒಂದೇ ಸಮನೆಯೋ. ಓದಲು ಹತ್ತು ಸೆಕೆಂಡು ಸಾಕು. ಹತ್ತು ಸೆಕೆಂಡಿಗೆ ಉತ್ತರ ಸಿಕ್ಕರೆ ಅವನು ಫೋನ್ ಜೇಬಿಗಿಟ್ಟು ಗದ್ದೆ ಕಡೆ ಹೋಗಿಬಿಡುತ್ತಾನೆ, ವಾಚ್‌ಟೈಮ್ ಏರುವುದಿಲ್ಲ. ಆದ್ದರಿಂದ ಥಂಬ್‌ನೇಲ್‌ನಲ್ಲಿ ಬಾಯಿ ತೆರೆದ ಮುಖ, ಕೆಂಪು ಬಾಣ, 'ಕೆಆರ್‌ಎಸ್‌ನಲ್ಲಿ ಏನಾಯ್ತು ಗುರೂ?' ಏನೂ ಆಗಿರುವುದಿಲ್ಲ. ಅರ್ಧ ಅಡಿ ನೀರು ಬಂದಿರುತ್ತದೆ. ನಲವತ್ತು ನಿಮಿಷದ ಲೈವ್‌ನ ಕೊನೆಗೆ ಅದನ್ನು ಹೇಳುವ ಹೊತ್ತಿಗೆ ಅಣೆಕಟ್ಟೆ ಪಕ್ಕದೂರಿನ ಯಾರೋ ಅಂಕಿಯನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ, ನಾಲ್ಕು ಜನ ಅದಕ್ಕೆ ಕೈಮುಗಿದಾಗಿರುತ್ತದೆ.

ಭಾಷೆಯದು ಬೇರೆ ಅವಾಂತರ. ಟೈ ಬಿಚ್ಚಿ ಹೂಡಿ ತೊಟ್ಟ ಐವತ್ತರ ನಿರೂಪಕರು 'ಮಗಾ' ಎನ್ನುತ್ತಾರೆ. ಈ ಸೀಮೆಯಲ್ಲಿ ಮಗಾ ಅನ್ನಲು ಒಂದು ಸಲಿಗೆ ಬೇಕು, ಓರಗೆ ಬೇಕು. ಇಲ್ಲಿ ಉಳಿದ ವಾಕ್ಯವೆಲ್ಲ ಹಳೇ ಬುಲೆಟಿನ್‌ನದೇ: 'ಸಚಿವರಿಂದ ಬಾಗಿನ ಸಮರ್ಪಣೆ ನೆರವೇರಿತು ಮಗಾ.'

ಹೊರದೇಶದಲ್ಲಿ ದುಡ್ಡು ಸುರಿದು ನೋಡಿದವರೂ ಇದ್ದಾರೆ. ಅಮೆರಿಕದ ಸಿಎನ್‌ಎನ್, ಚಂದಾ ಕಟ್ಟಿ ನೋಡುವ ಸಿಎನ್‌ಎನ್ ಪ್ಲಸ್ ಸೇವೆಯನ್ನು 2022ರ ಮಾರ್ಚ್ 29ರಂದು ತೆರೆದು ಏಪ್ರಿಲ್ 28ಕ್ಕೆ ಬಾಗಿಲು ಹಾಕಿತು. ಆಷಾಢಕ್ಕೆ ತವರಿಗೆ ಹೋದ ಸೊಸೆ ವಾಪಸು ಬರುವಷ್ಟರಲ್ಲಿ ಅಂಗಡಿಯೇ ಇಲ್ಲ. ಅದಕ್ಕೆ ಮಾಲೀಕರು ಬದಲಾದದ್ದು ಕಾರಣ ಎನ್ನುವುದು ನಿಜ. ನಮ್ಮವರ ಪ್ರಕಾರ ಅಲ್ಲಿ ಯಾರೂ 'ಮಗಾ' ಅಂದಿರಲಿಲ್ಲ.

ಎಲ್ಲಕ್ಕೂ ಪರೀಕ್ಷೆ ಜಂಬೂಸವಾರಿಯ ದಿನ. ಫುಲ್ ಎಚ್‌ಡಿ ಲೈವ್‌ಗೆ ಸೆಕೆಂಡಿಗೆ ಐದಾರು ಮೆಗಾಬಿಟ್ ಎಡೆಬಿಡದೆ ಮೇಲಕ್ಕೆ ಹೋಗುತ್ತಿರಬೇಕು. ಅದಕ್ಕೇ ವರದಿಗಾರನ ಬೆನ್ನಿಗೆ ನಾಲ್ಕಾರು ಕಂಪನಿಯ ಸಿಮ್ ಜೋಡಿಸಿದ ಬ್ಯಾಕ್‌ಪ್ಯಾಕ್. ಆದರೆ ಸಯ್ಯಾಜಿರಾವ್ ರಸ್ತೆಯಲ್ಲಿ ಯಾವ ಕಂಪನಿಯ ಟವರಿಗೂ ಆ ಹೊತ್ತು ಉಸಿರಾಡಲು ಬಿಡುವಿಲ್ಲ. ಯಾಕೆಂದರೆ ವಾಹಿನಿ ಹುಡುಕುತ್ತಿರುವ ಯುವಜನರು ಅಲ್ಲೇ ಇದ್ದಾರೆ, ಕಾಂಪೌಂಡ್ ಹತ್ತಿ ನಿಂತು ತಾವೇ ಲೈವ್ ಬಿಡುತ್ತಿದ್ದಾರೆ. ಮುಂಚೆಯೇ ಪಕ್ಕದ ಕಟ್ಟಡದಿಂದ ಫೈಬರ್ ಎಳೆಸಬಹುದಿತ್ತು. ಚಿತ್ರದ ಗುಣಮಟ್ಟವನ್ನು 720ಕ್ಕೆ ಇಳಿಸಿದ್ದರೂ ಹೇಗೋ ಸಾಗುತ್ತಿತ್ತು, ಆದರೆ 'ಫುಲ್ ಎಚ್‌ಡಿ' ಎಂದು ವಾರದಿಂದ ಪ್ರೋಮೋ ಓಡಿಸಿಯಾಗಿದೆ. 750 ಕೆ.ಜಿ.ಯ ಅಂಬಾರಿ ಹೊತ್ತ ಆನೆ ಪರದೆಯಲ್ಲಿ ಒಂದು ಕಾಲೆತ್ತಿ ನಿಂತುಬಿಡುತ್ತದೆ. ಅದರ ಹಣೆಯ ಮೇಲೆ ಬಿಳಿ ಬಳೆಯೊಂದು ಸುತ್ತುತ್ತದೆ. ಲೈವ್ ಮೊದಲೇ 20-30 ಸೆಕೆಂಡು ಹಿಂದೆ ಓಡುವಂಥದ್ದು. ಇದೂ ಸೇರಿದ ಮೇಲೆ ಲೆಕ್ಕ ಇಡುವವರಿಲ್ಲ.

'ಅಣ್ಣಾ, ಆನೆ ಬನ್ನಿಮಂಟಪ ಸೇರ್ತು, ನಿಮ್ದು ಇನ್ನೂ ಕೆ.ಆರ್. ಸರ್ಕಲ್‌ನಲ್ಲೇ ಐತೆ' ಎಂದು ಒಬ್ಬ ಕಾಮೆಂಟ್ ಹಾಕಿದ. ವಾಹಿನಿಯವರು ಅದಕ್ಕೊಂದು ಹಾರ್ಟ್ ಒತ್ತಿ, ಯುವಜನರ ಸ್ಪಂದನೆಯ ಖಾತೆಗೆ ಜಮಾ ಮಾಡಿಕೊಂಡರು.